ಎರಡು ದೊಡ್ಡಿಯ ಕರಿಯ

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನೇ. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗಿದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಕೂಡ್ಲಿಗಿ ದಾಟುವಷ್ಟರಲ್ಲಿ ಹೇಳಿ ಮುಗಿಸಿರುತ್ತೇನೆ. ಅಂಥವಳು ಮೊನ್ನೆ ಕೊಟ್ಟೂರಿನ ಕಂಪ್ಯೂಟರ್ ತರಗತಿಯಲ್ಲಿ ಪಾಠ ಮಾಡುತ್ತ ಬೆಪ್ಪಾಗಿ ನಿಂತೆ. ಪಾಠಕ್ಕೆಂದು ನಮ್ಮ ಮನೆಯ ಕುರಿಗಳನ್ನೇ ಎಣಿಸುವ ಪ್ರೋಗ್ರಾಂ ಬರೆದಿದ್ದೆ. ಅದರಲ್ಲಿ ಎಣಿಸುವ ಕೆಲಸ ಮಾಡುವ ತುಂಡಾದ ಫಂಕ್ಷನ್ನಿನೊಳಗೆ ‘ಕುರಿ’ ಎಂಬ ವೇರಿಯಬಲ್, ಅಂದರೆ ಲೆಕ್ಕ ಇಡುವ ಹೆಸರು, ನಲವತ್ತೆರಡಾಗುತ್ತಿತ್ತು; ಹೊರಗೆ ಬಂದು ಕೇಳಿದರೆ ಅದೇ ಹೆಸರಿನ ‘ಕುರಿ’ ಸೊನ್ನೆ ಎನ್ನುತ್ತಿತ್ತು. ಯಾಕೆ ಎಂದರು ವಿದ್ಯಾರ್ಥಿಗಳು. “ಸ್ಕೋಪ್” ಎಂದೆ. ಹಾಗೆಂದರೇನು ಎಂದರು. “ಸ್ಕೋಪ್ ಅಂದ್ರ ಸ್ಕೋಪ್” ಎಂದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುಖ್ಯಸ್ಥರು ಎದ್ದರು. “ಸೋಮವಾರ ತಿಳಿಯೋ ಹಂಗ ಹೇಳ್ರಿ ಮೇಡಂ. ಇಲ್ಲಾಂದ್ರ ಈ ಬ್ಯಾಚು ಬ್ಯಾರೇರಿಗೆ ಕೊಡ್ತೀನಿ.”

ಬ್ಯಾಚು ಬಿಡುವವಳಲ್ಲ ನಾನು. ಗಣಿತದ ಪರೀಕ್ಷೆಗೆ ಮೂರು ಸಲ ಕೂತು ಪದವಿ ತಂದವಳು. ಭಾನುವಾರ ಬೆಳಿಗ್ಗೆ, ಕುರಿ ಮೇಯಲು ಬಿಡುವ ಮುನ್ನವೇ, ಅಲ್ಲೇ ಕೂತು ತಪ್ಪು ಹುಡುಕೋಣವೆಂದು ಲ್ಯಾಪ್‌ಟಾಪ್ ಹೊತ್ತು ಹೊಲಕ್ಕೆ ಹೋದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಅಲ್ಲಿ ಅಕ್ಕಪಕ್ಕ ಬಲೆ ಕಟ್ಟಿ ಕುರಿ ದೊಡ್ಡಿ ಹಾಕಿದ್ದರು. ಎರಡು ದೊಡ್ಡಿಯಲ್ಲೂ ಕರಿಯ ಎಂಬ ಟಗರು ಉಂಟು.

“ಕರಿಯಗ ಜಂತಿನ ಔಷಧ ಕುಡಿಸವಾ” ಎಂದ ಅಪ್ಪ.

“ಕರಿಯಗ ಕುಡಿಸಿ ಆತು ಅಂತ ಚಿಗಪ್ಪ ಈಗ ಹೇಳಿದ್ನಲ್ಲ!”

ಅಪ್ಪ ನನ್ನನ್ನೂ ಲ್ಯಾಪ್‌ಟಾಪನ್ನೂ ಒಮ್ಮೆ ನೋಡಿದ. “ಅವ ಕುಡಿಸಿದ್ದು ಅವನ ದೊಡ್ಡಿ ಕರಿಯಗ. ಅಲ್ಲಿ ಕುಡಿಸಿದ್ರ ಇಲ್ಲಿ ಕರಿಯನ ಹೊಟ್ಟಿ ತೊಳೀತೈತೇನು? ಓದಿದಾಕಿ ನೀನು! ಔಷಧದ ಬಾಟ್ಲಿ ಅವನ ದೊಡ್ಡಿಯಾಗ ಐತಿ, ನಮ್ಮ ಕರಿಯನ್ನ ಅಲ್ಲಿಗೆ ಒಯ್ಯಿ. ಕುಡಿಸಿದ ಮ್ಯಾಲ ತಿರುಗಿ ತಂದು ಇಲ್ಲಿ ಬಿಡು. ಅಲ್ಲೇ ಬಿಟ್ಟು ಬಂದ್ರ ನಮ್ಮ ಎಣಿಕಿಗೆ ಹೆಂಗ ಬರ್ತಾನ?”

ಕರಿಯನ ಕೊಂಬು ಹಿಡಿದವಳು ಹಿಡಿದಂತೆಯೇ ನಿಂತೆ. ಫಂಕ್ಷನ್ ಒಂದು ದೊಡ್ಡಿ. ಅದರೊಳಗಿನ ‘ಕುರಿ’ ಅಲ್ಲಿನದೇ, ಹೊರಗಿನದು ಬೇರೆ; ಸ್ಕೋಪ್ ಅಂದರೆ ಇದೇ. ಒಳಗೆ ಎಣಿಸಿದ್ದನ್ನು ಹೊರಗೆ ಕೊಡುವ ‘ರಿಟರ್ನ್’ ಎಂಬ ಸಾಲನ್ನು ನಾನು ಬರೆದೇ ಇರಲಿಲ್ಲ. ಕರಿಯ ಎಳೆದಾಡುತ್ತಿದ್ದರೂ ಬಿಡದೆ ಒಂದೇ ಕೈಯಲ್ಲಿ ಆ ಸಾಲು ಒತ್ತಿದೆ. ಒಳಗಿಂದ ಬಂದ ಎಣಿಕೆಯನ್ನು ಹೊರಗಿನ ‘ಕುರಿ’ಯಲ್ಲಿ ಇಟ್ಟೆ. ನಲವತ್ತೆರಡು! “ಅಪ್ಪಾ, ನಾಳೆ ಪಾಠಕ್ಕ ನಿನ್ನ ಈ ಮಾತನ್ನೇ ಹೇಳ್ತೀನಿ” ಎಂದು ಕೂಗಿದೆ.

ಸೋಮವಾರ ಹಲಗೆಯ ಮೇಲೆ ಎರಡು ದೊಡ್ಡಿ, ಇಬ್ಬರು ಕರಿಯರನ್ನು ಬರೆದೆ. ಹಿಂದಿನ ಬೆಂಚೂ ತಲೆಯಾಡಿಸಿತು. ಬ್ಯಾಚು ನನ್ನಲ್ಲೇ ಉಳಿಯಿತು. “ಎಲ್ಲಿ ಕಲಿತ್ರಿ ಮೇಡಂ ಇದನ್ನ?” ಎಂದರು ಮುಖ್ಯಸ್ಥರು. “ಡಿಗ್ರಿಯೊಳಗ್ರಿ ಸರ್” ಎಂದುಬಿಟ್ಟೆ.

ಸಂಜೆ ದೊಡ್ಡಿಗೆ ಹೋದರೆ ಅಪ್ಪ ಕಾದಿದ್ದ. “ನಾ ಹೇಳಿದ್ದು ಅಲ್ಲಿ ನಡೀತೇನವಾ? ಏನಂದ್ರು?”

ನಾನು ಕರಿಯನ ಕಿವಿ ತುರಿಸುತ್ತ ನಿಂತೆ. ಅಪ್ಪನ ಮಾತನ್ನು ಕೊಟ್ಟೂರಿಗೆ ಒಯ್ದಿದ್ದೆ, ಅಲ್ಲಿ ಅದು ಕೆಲಸವನ್ನೂ ಮಾಡಿತ್ತು. ಸಿಕ್ಕ ಶಹಬ್ಬಾಸ್ ಮಾತ್ರ ಈ ದೊಡ್ಡಿಗೆ ಬಂದಿರಲಿಲ್ಲ. ಪದವೀಧರೆಯಾದ ನಾನು ಮತ್ತೆ ರಿಟರ್ನ್ ಬರೆಯುವುದನ್ನೇ ಮರೆತಿದ್ದೆ.