ಓಸ್ವಾಲ್ಡ್ ಪೊರ್ಬುಗಳ ಹಲಸಿನ ಕಂಬ

ಕಾರ್ಕಳದ ಪೇಟೆಯಲ್ಲಿ ಓಸ್ವಾಲ್ಡ್ ಪೊರ್ಬುಗಳ ಜವಳಿ ಅಂಗಡಿಗೆ ಬಂದವರು ಮೊದಲು ನಮಸ್ಕಾರ ಮಾಡುತ್ತಿದ್ದುದು ಪೊರ್ಬುಗಳಿಗಲ್ಲ, ಕಂಬಕ್ಕೆ. ಅದೂ ಹಣೆಯಿಂದ. ಕೆತ್ತನೆಯ ಹಲಸಿನ ಕಂಬವೊಂದು ಮದುವೆಮನೆಗೆ ಕರೆಯದೆ ಬಂದ ನೆಂಟನಂತೆ ಅಂಗಡಿಯ ನಟ್ಟನಡುವೆ ನಿಂತಿತ್ತು. ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಅದು ಕಾಣುತ್ತಿರಲಿಲ್ಲ. ಒಮ್ಮೆ ತಗಲಿದ ಮೇಲೆ ಮರೆಯುತ್ತಲೂ ಇರಲಿಲ್ಲ.

ಮಹಡಿಯಿದ್ದ ಆ ಹಂಚಿನ ಕಟ್ಟಡ ಪೊರ್ಬುಗಳ ಮುತ್ತಜ್ಜನ ಕಾಲದ್ದು. ಅವರಿಗೆ ಅದರ ಮೇಲೆ ಮೋಹವೇನೂ ಇರಲಿಲ್ಲ. ನಯಾಪೈಸೆ ಇನ್ನೂ ಹೊಸದಾಗಿ ಹೊಳೆಯುತ್ತಿದ್ದ ಆ ಕಾಲದಲ್ಲಿ ಒಂದು ಬೆಳಿಗ್ಗೆ ಸುದ್ದಿ ಬಂತು. ಉಡುಪಿಯ ಬ್ಯಾಂಕೊಂದು ಕಾರ್ಕಳದಲ್ಲಿ ಶಾಖೆ ತೆರೆಯುತ್ತದಂತೆ. ಜಾಗ ನೋಡಲು ಅದರ ಏಜೆಂಟರು ಸಂಜೆಯ ಬಸ್ಸಿಗೆ ಬರುತ್ತಾರಂತೆ.

“ಬ್ಯಾಂಕಿನವರಿಗೆ ಹೊಸ ಫ್ಯಾಶನ್ ಬೇಕು,” ಎಂದರು ಪೊರ್ಬುಗಳು ಹೆಂಡತಿ ಅಪೊಲೋನಿಯಾಳೊಡನೆ. “ಕಂಬ ಕೊಯ್ದು, ಮುಂದಿನ ಕೆತ್ತನೆ ಹಲಗೆ ಕಿತ್ತು, ಸುಣ್ಣ ಹೊಡೆದರೆ ಬೊಂಬಾಯಿಯ ಆಫೀಸೇ! ಕಟ್ಟಡ ಬಾಡಿಗೆಗೆ ಕೊಟ್ಟು ನಾನು ಮನೆಯಲ್ಲಿ ಆರಾಮವಾಗಿ ಕೂತುಬಿಡುತ್ತೇನೆ.”

“ನೀವು ಮನೆಯಲ್ಲಿ ಕೂತರೆ ನಾನು ಎಲ್ಲಿ ಕೂತುಕೊಳ್ಳುವುದು?” ಎಂದಳು ಅಪೊಲೋನಿಯಾ.

ಬಡಗಿ ಭೋಜ ಬಂದ. ಮೇಲಿನ ತೊಲೆಗೆ ಅಡಿಕೆ ಮರದ ತುಂಡೊಂದನ್ನು ತಾತ್ಕಾಲಿಕ ಆಸರೆಯಾಗಿ ನಿಲ್ಲಿಸಿ, ಕಂಬಕ್ಕೆ ಗರಗಸ ಇಟ್ಟು ‘ಗರಕ್’ ಎನ್ನಿಸಿದ್ದೇ ತಡ, ಕೊಡೆಯ ಬಟ್ಟೆ ಕೊಳ್ಳಲು ಬಂದಿದ್ದ ಹೈಸ್ಕೂಲಿನ ಚರಿತ್ರೆಯ ಮಾಸ್ತರ ಮಧ್ವರಾಜರು ಬೊಬ್ಬೆ ಹಾಕಿದರು.

“ನಿಲ್ಲಿಸಿ!”

“ಎಂತ ಮಾಸ್ತರೇ? ಕೈಗೆ ತಾಗಿತಾ?” ಎಂದ ಭೋಜ.

“ನನ್ನ ಕೈಗಲ್ಲ, ಚರಿತ್ರೆಯ ಕುತ್ತಿಗೆಗೆ! ಈ ಬಳ್ಳಿ ನೋಡಿ, ಈ ಹಂಸ ನೋಡಿ. ನೂರು ವರ್ಷ ಮೀರಿದ ಕೆಲಸ ಇದು. ಕರಿಮೆಣಸಿನ ವ್ಯಾಪಾರಿಗಳು ಘಟ್ಟದಿಂದ ಇಳಿದು ಇಲ್ಲಿಯೇ ಮೂಟೆ ಇಳಿಸುತ್ತಿದ್ದದ್ದು.”

“ಹಂಸವಾ ಅದು?” ಪೊರ್ಬುಗಳು ಕಂಬದ ಹತ್ತಿರ ಬಗ್ಗಿದರು. “ನಾನು ಇಷ್ಟು ವರ್ಷ ಕೋಳಿ ಅಂದುಕೊಂಡಿದ್ದೆ.”

ಮಾಸ್ತರರ ಗಂಟಲು ಹಿಂದಿನ ಬೆಂಚಿಗೆ ಕೇಳಿಸಿ ಪಳಗಿದ್ದು. ಅದು ಪಕ್ಕದ ಹೋಟೆಲಿಗೂ ಕೇಳಿಸಿತು. ಮಾಲಿಕ ದಾಮೋದರ ಶೆಣೈಯವರು ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸುತ್ತ ಓಡಿಬಂದರು. ಅವರ ಹಿಂದೆ ಅರ್ಧ ದೋಸೆ ಬಿಟ್ಟು ಎದ್ದ ಗಿರಾಕಿಗಳು. ಮಧ್ಯಾಹ್ನದ ಹೊತ್ತಿಗೆ ಕಂಬದ ಪ್ರಾಯ ಬಾಯಿಂದ ಬಾಯಿಗೆ ಏರಿ, ಬೆಟ್ಟದ ಮೇಲಿನ ಗೊಮ್ಮಟನಿಗಿಂತ ಹಿರಿದಾಗಿತ್ತು.

“ನಮ್ಮ ಹೋಟೆಲೂ ಇದೂ ಜೋಡಿ ಕಟ್ಟಡ ಮಾರಾಯ್ರೇ, ಒಂದೇ ಆಚಾರಿಯ ಕೆಲಸ,” ಎಂದರು ಶೆಣೈ. “ಒಂದನ್ನು ಕೆಡವಿದರೆ ಇನ್ನೊಂದಕ್ಕೆ ಸೂತಕ!”

“ನನ್ನ ಸಂಬಂಧ ಕುದುರಿದ್ದೇ ಈ ಅಂಗಡಿಯಲ್ಲಿ,” ಎಂದು ಹಿಂದಿನ ಮನೆಯ ಸೆಲೀನ್ ಬಾಯಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. “ಹುಡುಗ ಈ ಕಂಬಕ್ಕೆ ಒರಗಿ ನಿಂತಿದ್ದ. ಕಂಬವೇ ಚಂದ ಕಂಡಿತ್ತು. ಆದರೂ ಹುಡುಗನನ್ನೇ ಒಪ್ಪಿಕೊಂಡೆ.”

ಅಂಗಡಿ ತುಂಬ ಜನ. ಒಂದು ಕರ್ಚೀಫೂ ಕೊಂಡವರಿಲ್ಲ. ಭೋಜ ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕತೊಡಗಿದ. ಹೊತ್ತು ಇಳಿಯುತ್ತಿರುವುದನ್ನು ಕಂಡು ಪೊರ್ಬುಗಳು ಬಾಗಿಲಿಗೂ ಗಲ್ಲಾಪೆಟ್ಟಿಗೆಗೂ ನಡುವೆ ಓಡಾಡಿದರು. ಕೊನೆಗೊಂದು ಉಪಾಯ ಹೊಳೆಯಿತು.

“ನೀವೆಲ್ಲ ಹೇಳುವುದು ಸರಿ,” ಎಂದರು ಇಗರ್ಜಿಯಲ್ಲಿ ಪ್ರಾರ್ಥಿಸುವವರ ಸ್ವರದಲ್ಲಿ. “ನನಗೆ ಬುದ್ಧಿ ಬಂತು. ಆದರೆ ನಾಳೆ ನನ್ನ ಮನಸ್ಸು ತಿರುಗಿದರೆ? ತಹಶೀಲ್ದಾರರೇ ಬಂದು ಕಂಬ ಮುಟ್ಟಬಾರದು ಅಂತ ಹೇಳಲಿ. ಎಲ್ಲರೂ ಒಟ್ಟಾಗಿ ಹೋಗಿ ಕರೆದುಕೊಂಡು ಬನ್ನಿ.”

“ಭಲೇ ಪೊರ್ಬುಗಳೇ!” ಮಾಸ್ತರರು ಅವರನ್ನು ಅಪ್ಪಿಕೊಂಡರು. ಮೆರವಣಿಗೆ ತಾಲೂಕು ಕಚೇರಿಯತ್ತ ಹೊರಟಿತು. ಕೊನೆಯ ಬೆನ್ನು ತಿರುವಿನಲ್ಲಿ ಮರೆಯಾಯಿತೋ ಇಲ್ಲವೋ, ಪೊರ್ಬುಗಳು ಬಾಗಿಲು ಹಾಕಿದರು.

“ಭೋಜ, ಕೊಯ್ಯಿ!”

“ಅಲ್ಲ ಧಣಿ, ಈಗ ತಾನೇ ಬುದ್ಧಿ ಬಂತು ಅಂದಿರಲ್ಲ?”

“ಬಂದದ್ದು ಹೋಯಿತು. ಕೊಯ್ಯಿ!”

ಹಳೆಯ ಹಲಸು, ಕಬ್ಬಿಣದ ಅಣ್ಣ. ಪೊರ್ಬುಗಳು ಮುಂಡು ಎತ್ತಿಕಟ್ಟಿ ಗರಗಸದ ಇನ್ನೊಂದು ತುದಿ ಹಿಡಿದರು. ಇಬ್ಬರೂ ಒಂದೇ ಸಲಕ್ಕೆ ಎಳೆಯುತ್ತಿದ್ದುದರಿಂದ ಸ್ವಲ್ಪ ಹೊತ್ತು ಗರಗಸ ಯಾವ ಕಡೆಗೂ ಹೋಗಲಿಲ್ಲ. ಅಂತೂ ಕಂಬ ಮಲ್ಲು ಬಟ್ಟೆಯ ರಾಶಿಯ ಮೇಲೆ ಉರುಳಿತು. ಹಲಗೆಗಳನ್ನು ಕಿತ್ತು ಹಿತ್ತಿಲಿಗೆ ಎಸೆದರು. ಸುಣ್ಣ ಗೋಡೆಗೆ ಅರ್ಧ, ಪೊರ್ಬುಗಳಿಗೆ ಅರ್ಧ ಬಿತ್ತು. ಹಿಟ್ಟಿನ ಡಬ್ಬದಿಂದ ಹೊರಬಂದ ಬೆಕ್ಕಿನಂತೆ ಅವರು ಬಾಗಿಲು ತೆರೆಯುವಾಗ ಮೆರವಣಿಗೆ ಎದುರಿಗೇ ಇತ್ತು.

ತಹಶೀಲ್ದಾರರು ಊರಲ್ಲಿರಲಿಲ್ಲ. ಮುಂದೆ ಬರುತ್ತಿದ್ದವರು ಕೋಟು ತೊಟ್ಟು ಕಚ್ಚೆ ಉಟ್ಟ ಬೇರೊಬ್ಬರು.

“ಪೊರ್ಬುಗಳೇ, ಇವರು ಬ್ಯಾಂಕಿನ ಏಜೆಂಟರು!” ಮಾಸ್ತರರು ದೂರದಿಂದಲೇ ಕೂಗಿದರು. “ಬಸ್ಸಿನಿಂದ ಇಳಿಯುವಾಗ ಸಿಕ್ಕಿದರು. ನಿಮ್ಮ ಕಂಬದ ಸುದ್ದಿ ಕೇಳಿ ಕುಣಿದುಬಿಟ್ಟರು...” ಒಳಗೆ ಇಣುಕಿದ ಮಾಸ್ತರರ ಮಾತು ಅಲ್ಲಿಗೇ ನಿಂತಿತು.

“ಎಲ್ಲಿ ಆ ಕಂಬ?” ಎಂದರು ಏಜೆಂಟರು.

“ಇಲ್ಲ ಸರ್!” ಪೊರ್ಬುಗಳು ಎದೆಯುಬ್ಬಿಸಿದರು. “ನಿಮಗೋಸ್ಕರ ಈಗ ತಾನೇ ತೆಗೆಸಿದೆ. ಪೂರ್ತಿ ಹೊಸ ಫ್ಯಾಶನ್!”

ಏಜೆಂಟರು ಬಟ್ಟೆಯ ರಾಶಿಯ ಮೇಲೆ ಕುಸಿದು ಕೂತರು. “ಎಂತ ಕೆಲಸ ಮಾಡಿದಿರಿ! ತೆಂಕಣದಲ್ಲಿ ಒಂದು ಬ್ಯಾಂಕು ಮುಳುಗಿದ ಮೇಲೆ ಜನ ಹೊಸ ಗೋಡೆ ಕಂಡರೆ ಹೆದರುತ್ತಾರೆ. ನಿನ್ನೆ ಬಂದವರು ನಾಳೆ ಓಡುತ್ತಾರೆ ಅಂತ. ಅಜ್ಜಂದಿರ ಕಾಲದ ಕಟ್ಟಡವನ್ನೇ ಹುಡುಕು ಅಂತ ನನ್ನನ್ನು ಕಳಿಸಿದ್ದು.”

ಶೆಣೈಯವರು ಮೆಲ್ಲನೆ ಕೆಮ್ಮಿದರು.

“ಪಕ್ಕದ್ದು ನಮ್ಮದು ಸರ್. ಇದರದ್ದೇ ಜೋಡಿ. ಕಂಬ ಎರಡುಂಟು.”

ಮೆರವಣಿಗೆ ಹಾಗೆಯೇ ಪಕ್ಕಕ್ಕೆ ಹರಿಯಿತು. ಸ್ವಲ್ಪ ಹೊತ್ತಿನಲ್ಲಿ ಮಾತು ಪಕ್ಕಾ ಆಗಿ, ಶೆಣೈಯವರು ಅಗಲ ನಗೆಯೊಂದಿಗೆ ಹಿಂದಿರುಗಿದರು.

“ಪೊರ್ಬುಗಳೇ, ಬೇಸರ ಬೇಡ. ಅಲ್ಲಿ ಬ್ಯಾಂಕು ಬಂದರೆ ನನ್ನ ಹೋಟೆಲಿಗೆ ಜಾಗ ಬೇಕಲ್ವಾ? ನಿಮ್ಮ ಅಂಗಡಿಯನ್ನೇ ಬಾಡಿಗೆಗೆ ಹಿಡಿಯುತ್ತೇನೆ.”

ಪೊರ್ಬುಗಳ ಮುಖದ ಸುಣ್ಣ ಬಿರುಕು ಬಿಟ್ಟು ನಗು ಕಾಣಿಸಿತು. ಅಷ್ಟರಲ್ಲಿ ಅಡಿಕೆ ಮರದ ತುಂಡಿನ ಮೇಲೆ ಕೂತಿದ್ದ ತೊಲೆ ಸಣ್ಣಗೆ ‘ಕಿರ್’ ಎಂದಿತು.

ಶೆಣೈಯವರು ಉಳಿದ ಮಾತನ್ನು ರಸ್ತೆಯಲ್ಲಿ ನಿಂತು ಹೇಳಿದರು: “ಬೇಡ ಮಾರಾಯ್ರೇ, ಬೇರೆ ಎಲ್ಲಾದರೂ ನೋಡಿಕೊಳ್ಳುತ್ತೇನೆ.”