ಮಾವನ ಗೇರ್ ಆಯಿಲ್ ಪರೀಕ್ಷೆ

ನನ್ನ ಸೋದರಮಾವನಿಗೆ ಕಾರು ಓಡಿಸಲು ಬರುವುದಿಲ್ಲ. ಲೈಸೆನ್ಸ್ ಇಲ್ಲ, ಕಲಿಯುವ ಆಸೆಯೂ ಇಲ್ಲ. ಆದರೆ ಮುಂಬೈ ಪಕ್ಕದ ಠಾಣೆಯಿಂದ ಕಲ್ಯಾಣದವರೆಗೆ ಆಟೋಮ್ಯಾಟಿಕ್ ಕಾರಿನ ಗೇರ್ ಆಯಿಲ್ ಬಗ್ಗೆ ಅವರಷ್ಟು ಮಾತಾಡಬಲ್ಲ ಇನ್ನೊಬ್ಬ ಮನುಷ್ಯ ಸಿಕ್ಕಿದರೆ ದಯವಿಟ್ಟು ನನಗೆ ತಿಳಿಸಬೇಡಿ. ಒಬ್ಬರನ್ನು ಸಂಭಾಳಿಸುವುದರಲ್ಲೇ ನನಗೆ ಸಾಕಾಗಿದೆ!

ಕಾರು ಅತ್ತೆಯದು. ಅತ್ತೆಗೆ ಚಿಕ್ಕಂದಿನಿಂದ ಎಡಗಾಲಿನಲ್ಲಿ ಬಲವಿಲ್ಲ. ಮನೆ ಠಾಣೆ ಈಸ್ಟಿನ ಕೋಪರಿಯಲ್ಲಿ, ಆಫೀಸು ವೆಸ್ಟಿನ ವಾಗ್ಳೆ ಎಸ್ಟೇಟಿನಲ್ಲಿ. ನಡುವೆ ರೈಲ್ವೇ ಸ್ಟೇಷನ್ನಿನ ಪಾದಚಾರಿ ಸೇತುವೆ. ಬೆಳಿಗ್ಗೆ ಒಂಬತ್ತರ ಜನಪ್ರವಾಹದಲ್ಲಿ ಆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಇಳಿದು ಇಪ್ಪತ್ತು ವರ್ಷ ಕಳೆದಿದ್ದರು. ಎರಡು ಸಾವಿರದ ಎಂಟರ ಸುಮಾರಿಗೆ ಮಾವ ಎಲ್ಲಿಂದಲೋ ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ಹುಡುಕಿ ತಂದರು. ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಐವತ್ತನೆಯ ವಯಸ್ಸಿನಲ್ಲಿ ಅತ್ತೆ ಡ್ರೈವಿಂಗ್ ಕಲಿತರು. ಲೈಸೆನ್ಸ್ ಇಲ್ಲದ ಮಾವ ಪಕ್ಕದ ಸೀಟಿನಲ್ಲಿ ಕೂತು "ಉರಿ ಸಣ್ಣ ಮಾಡು, ಈಗ ಸ್ವಲ್ಪ ಜೋರು ಮಾಡು" ಎಂದು ನಿರ್ದೇಶನ ಕೊಡುತ್ತಿದ್ದರು. ಅತ್ತೆ ಅದನ್ನು ಸರಿಯಾಗಿ ಅರ್ಥಮಾಡಿಕೊಂಡು ಎಕ್ಸಲರೇಟರ್ ಒತ್ತುತ್ತಿದ್ದರು.

ಉರಿಯ ಭಾಷೆ ಯಾಕೆ ಅಂತೀರಾ? ಮಾವ ಮೂವತ್ತು ವರ್ಷ ನೌಪಾಡಾದ ಒಂದು ಉಡುಪಿ ಹೋಟೆಲಿನ ಅಡಿಗೆಮನೆಯನ್ನು ಆಳಿದವರು. ಬೋಂಡ ಕರಿಯುವ ಎಣ್ಣೆ ಇನ್ನೆಷ್ಟು ಹೊತ್ತು ಬಾಳುತ್ತದೆ ಎಂಬುದನ್ನು ಬಾಗಿಲಲ್ಲಿ ನಿಂತು ಮೂಗರಳಿಸಿಯೇ ಹೇಳುತ್ತಿದ್ದರಂತೆ. ಅಂಥ ಮನುಷ್ಯ ಕಾರು ಬರುವುದಕ್ಕೆ ಒಂದು ವರ್ಷ ಮೊದಲು, ಒಂದು ಕೆಟ್ಟ ಜ್ವರದಿಂದ ಎದ್ದವರೇ, ಮಂಡಿನೋವು ಎಂದು ಕೆಲಸ ಬಿಟ್ಟುಬಿಟ್ಟರು. ಮಂಡಿನೋವಿನವರು ದಿನಾ ಕಾರಿನ ಕೆಳಗೆ ತೂರುವುದನ್ನು ನೋಡಿ ನಮಗೆಲ್ಲ ಸ್ವಲ್ಪ ಆಶ್ಚರ್ಯವಾಗುತ್ತಿತ್ತು, ಅಷ್ಟೆ.

ನಾನು ಇರುವುದು ಡೊಂಬಿವ್ಲಿಯಲ್ಲಿ. ಭಾನುವಾರ ಊಟಕ್ಕೆ ಕೋಪರಿಗೆ ಹೋಗುವುದು ರೂಢಿ. ಊಟಕ್ಕೆ ಮೊದಲು ಪರೀಕ್ಷೆ. ಅತ್ತೆ ಕಾರನ್ನು ಒಂದು ಸುತ್ತು ಹೊಡೆಸಿ ಬಿಸಿ ಮಾಡಿ, ಇಂಜಿನ್ ಚಾಲೂ ಇಟ್ಟೇ ಇಳಿಯುತ್ತಿದ್ದರು. ಮಾವ ಬಾನೆಟ್ಟಿನೊಳಗಿಂದ ಗೇರ್ ಆಯಿಲಿನ ಅಳತೆಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದು ಬಿಳಿ ಕಾಗದದ ಮೇಲೆ ಒಂದು ಹನಿ ಬೀಳಿಸುತ್ತಿದ್ದರು. ಹೊಸ ಎಣ್ಣೆ ಪುನರ್ಪುಳಿ ಶರಬತ್ತಿನ ಹಾಗೆ ಕೆಂಪು. ಹಳೆಯದಾದಂತೆ ಕಂದು. ಮಾವ ಮೊದಲು ತಾವು ದೀರ್ಘವಾಗಿ ಮೂಸುವರು, ಗಂಭೀರವಾಗಿ ತಲೆಯಾಡಿಸುವರು, ಆಮೇಲೆ ಕಾಗದವನ್ನು ನನ್ನ ಮೂಗಿಗೆ ಹಿಡಿಯುವರು.

"ನಿನಗೆ ಎಂತ ಅನಿಸ್ತದೆ?"

"ಎಣ್ಣೆ ವಾಸನೆ ಮಾವ."

"ಎಣ್ಣೆ ವಾಸನೆ ಅಂತ ನನಗೂ ಗೊತ್ತುಂಟು ಮಾರಾಯ. ಸುಟ್ಟದ್ದೋ, ಸುಡದ್ದೋ?"

ನಾನೊಬ್ಬನೇ ಆದರೆ ಸಹಿಸಬಹುದಿತ್ತು. ಸೊಸೈಟಿಯ ವಾಚ್‌ಮನ್, ಮೇಲಿನ ಮಹಡಿಯ ಮರಾಠಿ ಮಾಸ್ತರರು, ಯಾರದೋ ಮನೆಗೆ ಕೊರಿಯರ್ ತಂದವನು, ಎಲ್ಲರೂ ಮೂಸಬೇಕು. ವಾಚ್‌ಮನ್ ಅಂತೂ ಭಾನುವಾರ ಮಾವ ಇಳಿದು ಬರುವುದು ಕಂಡರೆ ಕೂಡಲೇ "ಸಾಬ್, ಆಜ್ ಜುಕಾಮ್ ಹೈ" ಎಂದು ಮೂಗು ಹಿಡಿದುಕೊಳ್ಳುತ್ತಿದ್ದ. ವರ್ಷದ ಐವತ್ತೆರಡು ಭಾನುವಾರವೂ ಅವನಿಗೆ ನೆಗಡಿ.

ಅತ್ತೆಯೂ ಕಡಿಮೆಯವರಲ್ಲ. ಅವರದು ಬೇರೆ ವಿಚಿತ್ರ. ಡೊಂಬಿವ್ಲಿ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬರುವುದನ್ನು ಸಾರುವ ಹಾಗೆ, ಅಡಿಗೆಮನೆಯಲ್ಲಿ ಆಗುತ್ತಿರುವುದನ್ನೆಲ್ಲ ಗಟ್ಟಿಯಾಗಿ ಸಾರುತ್ತಿದ್ದರು. "ಹೋಯ್, ಸಾಸಿವೆ ಸಿಡೀತು. ಇಂಗು ಹಾಕಿದೆ ಮಾರಾಯ್ರೆ, ಸ್ವಲ್ಪ ಜೋರೇ ಆಯ್ತು." ಮಾವ ಹೊರಗಿನ ಕೋಣೆಯಿಂದ, "ಗೊತ್ತಾಯ್ತು ಮಾರಾಯ್ತಿ, ಘಮ್ಮಂತ ಬಂತು" ಎನ್ನುವರು. ಇಬ್ಬರೇ ಇರುವ ಮನೆಯಲ್ಲಿ ಒಗ್ಗರಣೆಗೂ ಸುದ್ದಿಪ್ರಸಾರ ಬೇಕೆ ಎಂದು ನಾನು ನಗುತ್ತಿದ್ದೆ.

ಕಾರು ಬಂದು ಐದಾರು ವರ್ಷವಾದ ಮೇಲೆ ಗಾಬರಿಯ ಸಂಗತಿ ನಡೆಯಿತು. ರಿವರ್ಸಿನಿಂದ ಡ್ರೈವಿಗೆ ಹಾಕಿದರೆ ಕಾರು ಒಂದು ಕ್ಷಣ ಯೋಚಿಸಿ, ಧಡ್ ಎಂದು ಗುದ್ದಿ ಹೊರಡತೊಡಗಿತು. ಕೋಪರಿ ಸೇತುವೆಯ ಏರಿನಲ್ಲಿ ಒಮ್ಮೆ ನಿಂತೇಬಿಟ್ಟಿತು. ಹಿಂದಿನವರ ಹಾರ್ನ್ ಕೇಳುತ್ತಾ ಅತ್ತೆ ಹತ್ತು ನಿಮಿಷ ಸ್ಟೇರಿಂಗ್ ಹಿಡಿದು ಕೂತರಂತೆ. ಮನೆಗೆ ಬಂದು ಅವರು ಹೇಳಿದ್ದು ಒಂದೇ ಮಾತು: "ಇದು ಹೋದರೆ ನನಗೆ ಮತ್ತೆ ಆ ಮೆಟ್ಟಿಲೇ ಗತಿ. ಈಗ ಅದು ನನ್ನಿಂದ ಆಗೂದಿಲ್ಲ." ರಿಟೈರಾಗಲು ಅವರಿಗೆ ಇನ್ನೂ ನಾಲ್ಕು ವರ್ಷವಿತ್ತು.

ಮಾವ ನೋಟ್‌ಬುಕ್ ಹಿಡಿದು ಲೋಕಲ್ ಹತ್ತಿದರು. ನನ್ನನ್ನೂ ಎಳೆದುಕೊಂಡು ಹೋದರು.

ಡೊಂಬಿವ್ಲಿಯ ಮೆಕ್ಯಾನಿಕ್, "ಕಾಕಾ, ಲೈಫ್‌ಟೈಮ್ ಆಯಿಲ್ ಆಹೇ, ಹಾತ್ ಲಾವೂ ನಕಾ" ಎಂದ. ಮುಟ್ಟಲೇಬೇಡಿ, ಅದು ಆಯುಷ್ಯಪೂರ್ತಿ ಬಾಳುವ ಎಣ್ಣೆ ಎಂದು. ಮಾವ ಪೆನ್ನು ತೆಗೆದು ತಮ್ಮ ಹೋಟೆಲ್ ಮರಾಠಿಯಲ್ಲಿ ಕೇಳಿದರು: ಆಯುಷ್ಯ ಅಂದರೆ ಯಾರದು, ಎಣ್ಣೆಯದೋ, ಗಾಡಿಯದೋ, ನಿನ್ನದೋ? ಅವನು ಬೇರೆ ಗಿರಾಕಿಯನ್ನು ನೋಡಲು ಹೋದ.

ವಾಶಿಯ ಅಂಗಡಿಯವನು ಕಪಾಟಿನಿಂದ ಕೈಗೆ ಸಿಕ್ಕಿದ ಡಬ್ಬಿ ಇಳಿಸಿ, ಕೆಂಪಗಿರುವುದೆಲ್ಲ ಒಂದೇ, ಇದನ್ನೇ ಹಾಕಿ ಎಂದ. ಮಾವ ಕಾರಿನ ಕೈಪಿಡಿ ಬಿಚ್ಚಿ ಅದರಲ್ಲಿ ಹೇಳಿದ್ದ ದರ್ಜೆಯ ಮೇಲೆ ಬೆರಳಿಟ್ಟರು. ಡಬ್ಬಿಯ ಹಿಂಬದಿಯ ಸಣ್ಣಕ್ಷರವನ್ನೆಲ್ಲ ಓದಿ, ಆ ದರ್ಜೆ ಇಲ್ಲದ್ದನ್ನು ಕಂಡು, ಡಬ್ಬಿ ವಾಪಸು ಇಟ್ಟು ನನಗೆ ಕನ್ನಡದಲ್ಲಿ ಹೇಳಿದರು: "ಕೆಂಪಗಿರುವುದೆಲ್ಲ ಒಂದೇ ಅಂದ್ರೆ ಟೊಮೆಟೊ ಸಾರು ಹಾಕಿದ್ರೂ ಓಡ್ಬೇಕಲ್ಲ." ಸರಿಯಾದ ಡಬ್ಬಿ ಸಿಕ್ಕುವಾಗ ನಾವು ಏಳನೆಯ ಅಂಗಡಿಯಲ್ಲಿದ್ದೆವು.

ಕೊನೆಗೆ ಕಲ್ಯಾಣದಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡು ತೀರ್ಪು ಕೊಟ್ಟ. ಮೊದಲು ಬಿಸಿ ಇರುವಾಗಲೇ ಎಣ್ಣೆ ಮೂಸಿ ನೋಡಿ, ಆರಿದ ಮೇಲೆ ಸರಿಯಾಗಿ ತಿಳಿಯುವುದಿಲ್ಲ. ಸುಟ್ಟ ವಾಸನೆ ಇದ್ದರೆ ಒಳಗಿನ ಪ್ಲೇಟುಗಳು ಹೋಗಿವೆ, ಎಣ್ಣೆ ಬದಲಿಸಿದರೆ ಇರುವುದೂ ನಿಂತೀತು, ಗಾಡಿ ಮಾರಿಬಿಡಿ. ಸುಟ್ಟಿಲ್ಲವಾದರೆ ತನ್ನಿ, ಎಣ್ಣೆ ಬದಲಿಸೋಣ, ಗಾಡಿ ಉಳಿಯುತ್ತದೆ.

ವಾಪಸು ಬರುವಾಗ ಲೋಕಲಿನಲ್ಲಿ ಮಾವ ಒಂದು ಮಾತೂ ಆಡಲಿಲ್ಲ. ಹೋಟೆಲಿನಲ್ಲಿ ಜೀವಮಾನವೆಲ್ಲ ಮಾಡಿದ್ದೇ ಇದಲ್ಲವೇ, ಯಾಕಿಷ್ಟು ಚಿಂತೆ ಎಂದುಕೊಂಡೆ.

ಮುಂದಿನ ಭಾನುವಾರ ಕಾರು ಬಿಸಿಯಾಯಿತು. "ಒಳಗಿಂದ ಬಿಳಿ ಕಾಗದ ತಾ" ಎಂದರು ಮಾವ. ಅಡಿಗೆಮನೆಯಲ್ಲಿ ಅತ್ತೆ ಸಾರಿಗೆಂದು ಗಟ್ಟಿ ಇಂಗನ್ನು ನೀರಿನಲ್ಲಿ ನೆನೆಹಾಕಿದ್ದ ಬಟ್ಟಲಿತ್ತು. ನನ್ನ ತಲೆಯಲ್ಲಿ ಒಂದು ಕಿಡಿಗೇಡಿತನ ಹುಟ್ಟಿತು. ಇಷ್ಟು ವರ್ಷ ಮೂಸಿಸಿದ್ದಕ್ಕೆ ಒಂದು ದಿನವಾದರೂ ಸೇಡು ಬೇಡವೇ? ಕಾಗದದ ಒಂದು ಮೂಲೆಯನ್ನು ಇಂಗಿನ ನೀರಿನಲ್ಲಿ ಅದ್ದಿದೆ. ಮೂಗು ಕಿತ್ತುಹೋಗುವಂಥ ವಾಸನೆ! ಗಂಭೀರವಾಗಿ ತಂದುಕೊಟ್ಟೆ. ಮಾವ ಅದರ ನಡುವೆ ಹನಿ ಬೀಳಿಸಿದರು. ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಉಸಿರೆಳೆದರು. ನಾನು ನಗಲು ತಯಾರಾಗಿ ನಿಂತಿದ್ದೆ.

"ಎಣ್ಣೆಯದ್ದೇ ವಾಸನೆ," ಎಂದರು ಮಾವ. "ಸುಟ್ಟದ್ದಲ್ಲ ಅಂತ ಕಾಣ್ತದೆ. ನಿನಗೆ ಎಂತ ಅನಿಸ್ತದೆ?"

ನಾನು ಅತ್ತೆಯ ಕಡೆ ತಿರುಗಿದೆ. ಡ್ರೈವರ್ ಸೀಟಿನ ಬಾಗಿಲು ಹಿಡಿದು ನಿಂತಿದ್ದ ಅತ್ತೆಯವರೆಗೂ ಇಂಗಿನ ವಾಸನೆ ಹೋಗಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ಮೆಲ್ಲನೆ ತಲೆಯಲ್ಲಾಡಿಸಿದರು, ಹೇಳಬೇಡ ಎಂಬಂತೆ.

"ಕಾಗದ ಒದ್ದೆ ಉಂಟು ಮಾವ, ಬೇರೆ ತರ್ತೇನೆ" ಎಂದು ಒಳಗೆ ಓಡಿದೆ. ಹೊಸ ಕಾಗದ, ಹೊಸ ಹನಿ. ಆವತ್ತು ಮೊದಲ ಸಲ ನಾನು ಮನಸ್ಸಿಟ್ಟು ಮೂಸಿದೆ. ಒಮ್ಮೆಯಲ್ಲ, ನಾಲ್ಕು ಸಲ. ಹಳೆಯ ಎಣ್ಣೆಯ ಜಿಡ್ಡು ವಾಸನೆ, ಸ್ವಲ್ಪ ಕಬ್ಬಿಣ. ಸುಟ್ಟದ್ದು ಎಲ್ಲಿಯೂ ಇರಲಿಲ್ಲ.

"ಸುಟ್ಟಿಲ್ಲ ಮಾವ. ಖಂಡಿತ."

"ಖಂಡಿತವಾ?"

"ಖಂಡಿತ."

ಮಾವ ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಮುಂದಿನದು ಕಲ್ಯಾಣದಲ್ಲಿ ನಡೆಯಿತು. ಬೋಲ್ಟ್ ಬಿಚ್ಚಿದರೆ ಒಳಗಿನ ಎಣ್ಣೆ ಅರ್ಧವೂ ಬರಲಿಲ್ಲ. ಉಳಿದದ್ದು ಒಳಗೇ ಇರುತ್ತದೆ, ವಾರಕ್ಕೊಮ್ಮೆಯಂತೆ ಮೂರು ಸಲ ತೆಗೆದು ತುಂಬಬೇಕು ಎಂದ ಮೆಕ್ಯಾನಿಕ್. ನಾನು ಅನುಮಾನದಿಂದ ನೋಡಿದೆ. ಮಾವ ಮಾತ್ರ ಅರಳಿದರು. "ಇಡ್ಲಿ ಹಿಟ್ಟಿನ ಪಾತ್ರೆಯಲ್ಲಿ ಹಳೇದು ಸ್ವಲ್ಪ ಉಳಿಸಿಯೇ ಅಲ್ವಾ ಹೊಸದು ಬೆರೆಸೂದು? ಗೇರ್‌ಬಾಕ್ಸಿನವನಿಗೆ ಅಡಿಗೆ ಗೊತ್ತುಂಟು ಮಾರಾಯ." ಹೊರಬಂದ ಎಣ್ಣೆಯನ್ನು ಅಳೆದು ಅಷ್ಟನ್ನೇ ತುಂಬಿಸಿದರು, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೆಯ ವಾರ ಅತ್ತೆ ಕೋಪರಿ ಸೇತುವೆಯ ಏರನ್ನು ತಡೆಯಿಲ್ಲದೆ ಹತ್ತಿಸಿದರು. ಮಾವ ಪಕ್ಕದಲ್ಲಿ "ಉರಿ ಅಷ್ಟೇ ಇರಲಿ" ಎಂದರು.

ಅದೇ ವಾರದ ಭಾನುವಾರ ಮಾವ ಸ್ನಾನಕ್ಕೆ ಹೋದಾಗ ಅಡಿಗೆಮನೆಯಲ್ಲಿ ಅತ್ತೆ ತಗ್ಗಿದ ದನಿಯಲ್ಲಿ ಹೇಳಿದರು: "ಆ ಜ್ವರ ಬಂದದ್ದಲ್ವಾ, ಆವಾಗಿಂದ ಮೂಗಿಗೆ ಎಂತದೂ ಗೊತ್ತಾಗೂದಿಲ್ಲ ಅವರಿಗೆ. ಒಂದಿನ ಹಾಲು ತಳ ಹತ್ತಿ ಮನೆಯೆಲ್ಲ ಹೊಗೆ ವಾಸನೆ, ಇವರು ಬೆನ್ನು ತಿರುಗಿಸಿ ಪೇಪರ್ ಓದ್ತಾ ಇದ್ರು. ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಮೂಗಿನಿಂದಲೇ ಹೆಸರು ಮಾಡಿದವರಲ್ವಾ."

ಹೋಟೆಲ್ ಬಿಟ್ಟದ್ದು ಯಾಕೆ, ವಾಚ್‌ಮನ್ನನ ಮೂಗೂ ಯಾಕೆ ಬೇಕಿತ್ತು, ಕಲ್ಯಾಣದಿಂದ ಬರುವಾಗ ಆ ಮೌನ ಯಾಕೆ ಎಂಬುದೆಲ್ಲ ಒಮ್ಮೆಗೇ ತಿಳಿದು ನನಗೆ ನಾಚಿಕೆಯಾಯಿತು. ಅತ್ತೆಯ ಕಾರು ನಿಲ್ಲಬಾರದೆಂದು ಅವರು ಊರವರ ಮೂಗನ್ನೆಲ್ಲ ಬೇಡಿಕೊಂಡು ತಿರುಗಿದ್ದರು. ನಾನು ಅದಕ್ಕೆ ಇಂಗು ಹಚ್ಚಿದ್ದೆ.

ಮಾವ ತಲೆ ಒರೆಸುತ್ತಾ ಬಂದು ಹೊರಗಿನ ಕೋಣೆಯಲ್ಲಿ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಒಳಗೆ ಒಗ್ಗರಣೆ ಚಟಪಟ ಎಂದಿತು.

"ಹೋಯ್, ಸಾಸಿವೆ ಸಿಡೀತು. ಇಂಗು ಹಾಕಿದೆ."

"ಘಮ್ಮಂತ ಬಂತು ಮಾರಾಯ್ತಿ."

ಕರಿಬೇವು ಹಾಕಿದ್ದನ್ನು ಹೇಳಲು ಅತ್ತೆ ಮರೆತಿದ್ದರು. ಅದನ್ನು ನಾನು ಹೇಳಿದೆ.