ಬಚ್ಚಲ ಬಾಗಿಲಿಗೆ ಬಂದ ಪ್ರಶಸ್ತಿ

"ಈ ಪ್ರಶಸ್ತಿ ನಮ್ಮನೆಗೆ ಬರದೆ ಅದು ಹೇಗೆ ಹೋಗುತ್ತೋ ನಾನೂ ನೋಡೇ ಬಿಡ್ತೀನಿ!" ಎಂದು ಅಮ್ಮ ಎದೆ ತಟ್ಟಿಕೊಂಡ ದಿನವೇ ಆ ಮನೆಯ ಗ್ರಹಚಾರ ಕೆಟ್ಟಿತು.

ಪ್ರಶಸ್ತಿ ಎಂದರೆ ಹಾಡಿಗೋ ಓಟಕ್ಕೋ ಕೊಡುವಂಥದ್ದಲ್ಲ, ವಿಡಿಯೋ ಗೇಮಿಗೆ ಕೊಡುವಂಥದ್ದು. ಅಮ್ಮನ ಒಬ್ಬನೇ ಮಗ ಆ ಆಟಗಳಿಗೆ ಸದ್ದು ಮಾಡಿಕೊಡುವವನು. ಹೆಜ್ಜೆ ಸದ್ದು, ಗಾಳಿ ಸದ್ದು, ಲೋಟ ಬಿದ್ದ ಸದ್ದು. "ಎಲ್ಲರೂ ಪುಕ್ಕಟೆ ಮಾಡೋ ಸದ್ದಿಗೆ ಇವನೊಬ್ಬ ಸಂಬಳ ತಗೋತಾನೆ" ಎಂದು ಅಪ್ಪ ಸಿಕ್ಕವರ ಮುಂದೆಲ್ಲ ಹೇಳುವರು. ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಅವರ ಪ್ರಕಾರ ಜಗತ್ತಿಗೆ ಬೇಕಾದ ಸದ್ದು ಎರಡೇ: ಹೋಲ್ಡಾನ್, ರೈಟ್!

ಮಗನ ಆಫೀಸಿನಲ್ಲಿ ಇದ್ದದ್ದು ಆರೇ ಜನ. ಆರೂ ಜನ ಸೇರಿ ನಾಲ್ಕು ವರ್ಷ ಬೆನ್ನು ಬಗ್ಗಿಸಿ 'ಏಳು ಬಾಗಿಲು' ಎಂಬ ಆಟ ಮಾಡಿದ್ದರು. ಒಂದು ಪಾಳು ಬಂಗಲೆ, ಅದಕ್ಕೆ ಏಳು ಬಾಗಿಲು. ಒಂದೊಂದು ತೆರೆದಾಗಲೂ ಆಡುವವರ ಎದೆ ಝಲ್ಲೆನ್ನಬೇಕು. ಝಲ್ಲೆನ್ನಿಸುವ ಗುತ್ತಿಗೆ ಮಗನದು. ಅವನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರಿನ ಬಾಗಿಲನ್ನೆಲ್ಲ ತಳ್ಳಿ ನೋಡಿ, ಇಬ್ಬರಿಂದ ಬೈಸಿಕೊಂಡು, ಒಂದು ನಾಯಿಯಿಂದ ಕಚ್ಚಿಸಿಕೊಂಡು ಮನೆಗೆ ಬಂದು ಬಚ್ಚಲಿಗೆ ಹೋದನಂತೆ. ಅಲ್ಲಿತ್ತು ಅವನು ಹುಡುಕುತ್ತಿದ್ದ ಸದ್ದು! ಅವರ ಬಚ್ಚಲ ಬಾಗಿಲು ನಿಧಾನ ತೆಗೆದರೆ ರೋಗಿ ನರಳಿದಂತೆ, ಬೇಗ ತೆಗೆದರೆ ಮೈಮೇಲೆ ಬಿಸಿನೀರು ಬಿದ್ದಂತೆ ಕೂಗುತ್ತಿತ್ತು. ಬಂಗಲೆಯ ಏಳಕ್ಕೆ ಏಳೂ ಬಾಗಿಲ ಸದ್ದು ಆ ಒಂದು ಬಚ್ಚಲದ್ದೇ!

ಒಂದು ದಿನ ಮಗ ಒಂದೇ ಉಸಿರಿಗೆ ಮೂರು ಮಹಡಿ ಹತ್ತಿ ಬಂದ. "ಅಮ್ಮಾ, ದೊಡ್ಡ ಪ್ರಶಸ್ತಿಗೆ ನಮ್ಮ ಆಟದ ಸದ್ದಿನ ನಾಮನಿರ್ದೇಶನ ಆಗಿದೆ!"

"ಆಗಲೇ ನಾಮ ಹಾಕಿಬಿಟ್ರಾ?" ಅಪ್ಪ ಪೇಪರಿನ ಹಿಂದಿನಿಂದ ಕೇಳಿದರು.

"ನಿಮ್ಮ ನಾಲಿಗೇಲಿ ಒಂದು ಒಳ್ಳೆ ಮಾತು ಬರಲ್ವಾ ರೀ?"

ಮಗನ ಮುಖದಲ್ಲಿ ಅರ್ಧ ನಗು, ಅರ್ಧ ಹೆದರಿಕೆ. ಆಫೀಸಿನ ಮೇಡಂ ಅಂದೇ ಆರೂ ಜನರನ್ನು ಕೂರಿಸಿಕೊಂಡು ಹೇಳಿದ್ದರು: ಪ್ರಶಸ್ತಿ ಬಂದರೆ ದೊಡ್ಡ ಕಂಪನಿಯೊಂದು ಎರಡನೇ ಆಟ ಮಾಡಿಸುತ್ತದೆ. ಬರದಿದ್ದರೆ ತಿಂಗಳ ಕೊನೆಗೆ ಆಫೀಸಿಗೆ ಬೀಗ. ಗೆಲ್ಲಿಸುವ ಮತದಲ್ಲಿ ಅರ್ಧ ತೀರ್ಪುಗಾರರದು, ಅರ್ಧ ಆಟ ಆಡುವವರದು.

ಆರು ಮನೆಯ ಒಲೆ ಆರುವ ಮಾತು ಎಂದಕೂಡಲೇ ಅಮ್ಮ ಕಾರ್ಯರಂಗಕ್ಕೆ ಇಳಿದರು. ಆಟ ಆಡುವವರು ಎಂದರೆ ಅಮ್ಮನಿಗೆ ಗೊತ್ತಿದ್ದದ್ದು ಇಡೀ ಭೂಮಂಡಲದಲ್ಲಿ ಒಬ್ಬಳೇ, ಮೇಲಿನ ಮಹಡಿಯ ನರ್ಸಮ್ಮ. ಅಮ್ಮ ಮೆಟ್ಟಿಲು ಹತ್ತಿಹೋಗಿ ಬಾಗಿಲು ಬಡಿದರು.

"ಏಳು ಬಾಗಿಲಾ? ದಿನಾ ಆಡ್ತೀನಮ್ಮಾ. ಆ ಆಟ ಅಂದ್ರೆ ನಂಗೆ ಪ್ರಾಣ."

"ಹಾಗಾದ್ರೆ ವೋಟು ಹಾಕೇ ತಾಯಿ, ಆರು ಸಂಸಾರ ಉಳಿಸಿದ ಪುಣ್ಯ ಬರುತ್ತೆ."

ನರ್ಸಮ್ಮ ಅಲ್ಲೇ ನಿಂತು ಫೋನಿನಲ್ಲಿ ವೋಟು ಒತ್ತಿದಳು. ಅಮ್ಮ ಚುನಾವಣೆ ಗೆದ್ದವರ ಹಾಗೆ ಕೆಳಗಿಳಿದು ಬಂದರು.

ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ! ಪ್ರಶಸ್ತಿಯವರಿಂದ ಕಾಗದ ಬಂತು. ಸದ್ದು ಹುಟ್ಟಿದ ಜಾಗವನ್ನು ತೋರಿಸುವ ಒಂದು ನಿಮಿಷದ ವಿಡಿಯೋ ಬೇಕು, ಅದನ್ನು ಸಮಾರಂಭದಲ್ಲಿ ಲೋಕಕ್ಕೆಲ್ಲ ತೋರಿಸುತ್ತೇವೆ, ಗುರುವಾರ ಕ್ಯಾಮೆರಾದವನು ಮನೆಗೆ ಬರುತ್ತಾನೆ, ಎಂದು.

ಬುಧವಾರ ಅಮ್ಮ ಪರದೆ ಒಗೆದರು. ಗೋಡೆ ಒರೆಸಿದರು. ಬಕೆಟ್ಟನ್ನು ಮಿಂಚುವಂತೆ ಉಜ್ಜಿದರು. ಬಚ್ಚಲಿಂದ ಹೊರಬರುವಾಗ ಬಾಗಿಲು ಕಿರ್ರ್ರೋ ಎಂದಿತು. ಅಮ್ಮನ ಎದೆ ಧಸಕ್ಕೆಂದಿತು. ಹೊರಗಿನವರ ಮುಂದೆ, ಅದೂ ಲೋಕವೆಲ್ಲ ನೋಡುವಾಗ, ಈ ದರಿದ್ರ ಬಾಗಿಲು ಹೀಗೆ ಅರಚಿದರೆ ಮನೆಯ ಮಾನ ಉಳಿಯುತ್ತದೆಯೇ? ಸದ್ದು ಹೇಗೂ ಮಗನ ಪೆಟ್ಟಿಗೆ ಸೇರಿಯಾಗಿದೆ, ಇನ್ನು ಬಾಗಿಲಿಗೇನು ಕೆಲಸ? ಹೊಲಿಗೆ ಯಂತ್ರದ ಎಣ್ಣೆ ತಂದು ಮೂರೂ ಕೀಲಿಗೆ ಹನಿ ಹನಿಯಾಗಿ ಬಿಟ್ಟರು. ಹತ್ತು ಸಲ ಆಡಿಸಿ ನೋಡಿದರು. ಪಿಟ್ಟೆನ್ನಲಿಲ್ಲ! ಅಮ್ಮ ಹೆಮ್ಮೆಯಿಂದ ಮಲಗಿದರು.

ಗುರುವಾರ ಬೆಳಿಗ್ಗೆ ಕ್ಯಾಮೆರಾದವನು ದೀಪ ಹಚ್ಚಿ ಸಿದ್ಧನಾದ. ಮಗ ಇಸ್ತ್ರಿ ಅಂಗಿ ತೊಟ್ಟು, ರಾಜ ಕೋಟೆ ತೋರಿಸುವ ಗತ್ತಿನಲ್ಲಿ ಕೈ ಚಾಚಿದ.

"ನಾಲ್ಕು ವರ್ಷದ ನಮ್ಮ ಶ್ರಮ, ಲಕ್ಷಾಂತರ ಜನರ ಭಯ, ಎಲ್ಲಾ ಹುಟ್ಟಿದ್ದು ಈ ಬಾಗಿಲಲ್ಲಿ. ಕೇಳಿ!"

ಬಾಗಿಲು ತೆರೆಯಿತು. ಬೆಣ್ಣೆಯಿಂದ ಕೂದಲು ಎಳೆದಷ್ಟು ಮೌನ.

ಮುಚ್ಚಿ ತೆರೆದ. ಮೌನ. ಒದ್ದು ತೆರೆದ. ಮೌನ!

"ಮೈಕ್ ಕೆಟ್ಟಿದೆಯಾ ಸಾರ್?" ಕ್ಯಾಮೆರಾದವನು ತನ್ನ ಯಂತ್ರವನ್ನೇ ತಟ್ಟಿ ನೋಡಿದ.

ಮಗ ಕೀಲು ಮುಟ್ಟಿ ಬೆರಳು ಮೂಸಿದ. "ಅಮ್ಮಾ... ಬಾಗಿಲಿಗೆ ಏನಾಯ್ತು?"

"ಏನೂ ಆಗಿಲ್ಲಪ್ಪ. ವಾಸಿ ಆಗಿದೆ."

ಆಮೇಲೆ ನಡೆದದ್ದನ್ನು ಬಾಗಿಲೇ ಹೇಳಬೇಕು, ಹೇಳಲು ಅದಕ್ಕೆ ದನಿ ಉಳಿದಿರಲಿಲ್ಲ. ಸೋಪಿನ ಪುಡಿ, ಬಿಸಿನೀರು ಹಾಕಿ ಕೀಲು ತೊಳೆದರು. ಹೂಕುಂಡದ ಮರಳು ತುಂಬಿದರು. "ಸ್ಕ್ರೂ ಸಡಿಲ ಬಿಡೋ, ನಮ್ಮ ಬಸ್ ಬಾಗಿಲು ಹಾಗೇ ಕೂಗ್ತಿದ್ದದ್ದು" ಎಂದು ಅಪ್ಪ ತಜ್ಞರಾದರು. ಮಗ ಸಡಿಲಿಸಿದ. "ಇನ್ನೂ... ಇನ್ನೂ... ಹೋಲ್ಡಾನ್!" ಎಂದು ಅಪ್ಪ ಕೂಗುವಷ್ಟರಲ್ಲಿ ಬಾಗಿಲು ಕೀಲು ಸಮೇತ ಕಿತ್ತುಬಂದು, ಮಿಂಚುವ ಬಕೆಟ್ಟಿನ ಮೇಲೆ ಢಮಾರ್!

"ಈ ಸದ್ದು ಚೆನ್ನಾಗಿ ಬಂತು ಸಾರ್" ಎಂದ ಕ್ಯಾಮೆರಾದವನು.

"ಬೇಕಾದ್ರೆ ನಾನೇ ಹಿಂದೆ ನಿಂತು ಕಿರ್ರ್ ಅನ್ಲೇನೋ?" ಅಮ್ಮ ಕೇಳಿದರು, ಅಳು ನುಂಗಿಕೊಂಡು.

ಮಗ ಬಾಗಿಲನ್ನು ಎದೆಗವಚಿಕೊಂಡು ನಿಂತಿದ್ದ. ಹಾಗೇ ಒಂದು ನಿಮಿಷ ವಿಡಿಯೋ ತೆಗೆದುಕೊಂಡು ಕ್ಯಾಮೆರಾದವನು ಹೊರಟುಹೋದ.

ಅಂದಿನಿಂದ ಬಚ್ಚಲಿಗೆ ಬೆಡ್‌ಶೀಟೇ ಬಾಗಿಲು. ಒಳಗಿದ್ದವರು ಬಿಡದೆ ಕೆಮ್ಮುತ್ತಿರಬೇಕು ಎಂದು ಅಪ್ಪ ಕಾನೂನು ಮಾಡಿದರು. ಅಮ್ಮನಿಗೆ ಊಟ ಸೇರಲಿಲ್ಲ. "ಆರು ಮನೆ ಅನ್ನಕ್ಕೆ ಎಣ್ಣೆನೀರು ಬಿಟ್ಟೆ ನಾನು."

"ಎಳ್ಳುನೀರು ಅಂತಾರೆ ಕಣೇ."

"ನಾನು ಬಿಟ್ಟಿದ್ದು ಎಣ್ಣೇನೇ ಅಲ್ವೇನ್ರೀ!"

ಸಮಾರಂಭ ನಡೆಯುವ ದೂರದೇಶದಲ್ಲಿ ಏನು ಹೊತ್ತೋ, ಇಲ್ಲಿ ಮಾತ್ರ ಬೆಳಗಿನ ತಿಂಡಿಯ ಹೊತ್ತು. ಟೀವಿ ಮುಂದೆ ಅಪ್ಪ, ಅಮ್ಮ, ಉಗುರು ಕಚ್ಚುವ ಮಗ. ಡ್ಯೂಟಿಗೆ ಹೊರಟ ನರ್ಸಮ್ಮ ಯೂನಿಫಾರ್ಮಿನಲ್ಲೇ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು.

ಮೊದಲು ಮುಂದಿನ ವರ್ಷ ಬರುವ ಒಂದು ಆಟದ ಜಾಹೀರಾತು. ಆಮೇಲೆ ಅದರ ಮುಂದಿನ ವರ್ಷದ್ದು. ಒಬ್ಬ ಸಿನಿಮಾ ನಟ ಬಂದು ತಾನು ಆಟ ಆಡುವುದೇ ಇಲ್ಲ ಎಂದು ನಕ್ಕು ಹೋದ. ಮತ್ತೆ ಜಾಹೀರಾತು.

"ನಮ್ಮ ಬಸ್ ಮೇಲೂ ಇಷ್ಟು ಅಂಟಿಸ್ತಿರ್ಲಿಲ್ಲ!" ಎಂದರು ಅಪ್ಪ. "ಪ್ರಶಸ್ತಿ ಯಾವ ಸ್ಟಾಪಲ್ಲಿ ಹತ್ತುತ್ತೋ?"

ಒಬ್ಬಾಕೆ ಗೆದ್ದು ವೇದಿಕೆ ಹತ್ತಿ ತಾಯಿಯನ್ನು ನೆನೆದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ, ಸಾಕಮ್ಮ ಇಳಿ ಎಂಬಂತೆ ಬ್ಯಾಂಡು ಬಾರಿಸಿ ಅವಳನ್ನು ಸಾಗಹಾಕಿದರು. ಅಮ್ಮನಿಗೆ ಕರುಳು ಚುರ್ರೆಂದಿತು.

ಆಮೇಲೆ ನಿರೂಪಕ ಜೇಬಿನಿಂದ ಚೀಟಿ ತೆಗೆದು, ರೈಲು ತಪ್ಪುವವನಂತೆ, ಐದು ಪ್ರಶಸ್ತಿಯನ್ನು ಒಂದೇ ಉಸಿರಿಗೆ ಓದಿದ. ಸದ್ದಿಗೆ ಏಳು ಬಾಗಿಲು, ಉಡುಪಿಗೆ ಇನ್ಯಾವುದೋ, ಎಲ್ಲರಿಗೂ ಅಭಿನಂದನೆ, ಈಗ ನೋಡಿ ಹೊಸ ಕಾರಿನ ಆಟ! ಝುಂಯ್ ಎಂದು ಕಾರು ಹೋಯಿತು.

"ಬಂತಾ?" ಅಮ್ಮ ಪಿಸುಗುಟ್ಟಿದರು.

"ಬಂತು ಅನ್ಸುತ್ತೆ" ಎಂದ ಮಗ.

"ಎಲ್ಲಿ?"

"ಹೋಯ್ತು" ಎಂದರು ಅಪ್ಪ.

ಬಾಗಿಲು ತಬ್ಬಿದ ಮಗನ ವಿಡಿಯೋ ಬರಲೇ ಇಲ್ಲ. ಕಾರಿಗೇ ಸಮಯ ಸಾಲಲಿಲ್ಲ! ಅಮ್ಮ ಒಂದು ವಾರ ಅನ್ನ ಬಿಟ್ಟದ್ದು ವ್ಯರ್ಥವಾಯಿತು. ಆದರೂ ಗೆದ್ದಾಯಿತಲ್ಲ! ಅಮ್ಮ ಮಗನ ತಲೆ ನೇವರಿಸಿದರು, ಅಪ್ಪ ಕೂಡ ಒಮ್ಮೆ ಮೂಗೊರೆಸಿಕೊಂಡರು. ಅಷ್ಟರಲ್ಲಿ ಮೇಡಂ ಫೋನು.

ಮಗ "ಹಾಂ ಮೇಡಂ" ಎಂದ. "ಹೂಂ ಮೇಡಂ" ಎಂದ. ಆಮೇಲೆ ಫೋನು ಕೆಳಗಿಟ್ಟ.

"ಆ ಕಂಪನಿಯವರು ಪ್ರಶಸ್ತಿ ಅಂದಿದ್ದು ವರ್ಷದ ಆಟ ಅನ್ನೋ ದೊಡ್ಡದಂತೆ. ಸದ್ದಿಂದು, ಉಡುಪಿಂದು ಅವ್ರ ಲೆಕ್ಕಕ್ಕೇ ಇಲ್ವಂತೆ. ಎರಡನೇ ಆಟ ಇಲ್ಲ. ತಿಂಗಳ ಕೊನೆಗೆ ಬೀಗ. ಫಲಕ ಬಂದ್ರೆ ಆಫೀಸ್ ಗೋಡೆಗೆ ಹಾಕಿ ಅಂದ್ರಂತೆ."

"ಯಾವ ಆಫೀಸಿನ ಗೋಡೆಗೆ?" ಎಂದರು ಅಪ್ಪ. "ಇದು ಪ್ರಶಸ್ತಿ ಅಲ್ಲ ಕಣೋ, ಶಾಸ್ತಿ!"

ಯಾರೂ ನಗಲಿಲ್ಲ. ಮಗ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ನಾಲ್ಕು ವರ್ಷ ಒಂದು ಉಸಿರಿನಲ್ಲಿ ಹೋಗಿತ್ತು, ಅದೂ ಬೇರೆಯವನ ಉಸಿರಿನಲ್ಲಿ. ಅಮ್ಮನಿಗೆ ತಡೆಯಲಾಗಲಿಲ್ಲ.

"ಕಂಪನಿಯವರು ಹಾಳಾಗಲಿ ಬಿಡು. ಆಡೋರು ಮುಖ್ಯ. ನರ್ಸಮ್ಮ, ನೀನೇ ಹೇಳು ತಾಯಿ. ದಿನಾ ಆಡೋಳು ನೀನು. ಇವನ ಬಾಗಿಲ ಸದ್ದು ಹೇಗಿದೆ?"

ನರ್ಸಮ್ಮನ ಮುಖ ಸಣ್ಣದಾಯಿತು. "ನಾನು... ಸದ್ದು ಆಫ್ ಮಾಡ್ಕೊಂಡು ಆಡೋದಮ್ಮಾ. ನಮ್ಮನೆಯವರದು ರಾತ್ರಿ ಪಾಳಿ, ಹಗಲು ಮಲಗಿರ್ತಾರೆ."

"ಕಿವಿಗೆ ಹಾಕ್ಕೊಳ್ಳೋದು ಇರುತ್ತಲ್ಲ?"

"ಹಾಕ್ಕೊಂಡ್ರೆ ಮಗು ಅತ್ತಿದ್ದು ಕೇಳ್ಸಲ್ಲ."

"ಮತ್ತೆ ಸದ್ದಿಗೆ ವೋಟು ಹಾಕಿದೆಯಲ್ಲೇ!"

"ನೀವು ಹೇಳಿದ್ರಿ, ಹಾಕಿದೆ."

ಮಗ ನಿಧಾನವಾಗಿ ತಲೆ ಎತ್ತಿದ. "ಮತ್ತೆ ಏನಕ್ಕೆ ಆಡ್ತೀರಿ ನೀವು?"

"ಬೆಂಚಿಗೆ ಸಾರ್!" ನರ್ಸಮ್ಮನ ಕಣ್ಣು ಅರಳಿತು. "ಮೂರನೇ ಬಾಗಿಲು ದಾಟಿದ್ಮೇಲೆ ತೋಟದಲ್ಲಿ ಒಂದು ಬೆಂಚಿದೆಯಲ್ಲ, ಅಲ್ಲೊಬ್ಬರು ಅಜ್ಜಿ ಕೂತಿರ್ತಾರೆ. ಆಟದಲ್ಲಿ ಉಳಿದೋರೆಲ್ಲ ಅದು ತಾ, ಇದು ತಾ ಅಂತಾರೆ, ಕೆಳಗೆ ಅಕ್ಷರ ಬರುತ್ತೆ. ಈ ಅಜ್ಜಿ ಬಾಯೇ ಬಿಡಲ್ಲ. ವಾರ್ಡಲ್ಲಿ ಮೂವತ್ತು ಜನ ಸಿಸ್ಟರ್ ಸಿಸ್ಟರ್ ಅಂತಿರ್ತಾರೆ, ಮನೇಲಿ ಮಗು ಬಿಡಲ್ಲ. ದಿನಾ ಹತ್ತು ನಿಮಿಷ ಆ ಅಜ್ಜಿ ಪಕ್ಕ ಸುಮ್ನೆ ಕೂತು ಡ್ಯೂಟಿಗೆ ಹೋಗ್ತೀನಿ. ಉಳಿದ ನಾಲ್ಕು ಬಾಗಿಲು ನಾನಿನ್ನೂ ತೆಗ್ದೇ ಇಲ್ಲ!"

ಮಗನ ಮುಖ ಬಿಳಿಚಿಕೊಂಡಿತು. "ಆ ಅಜ್ಜಿ ಮಾತಾಡ್ಬೇಕಿತ್ತು! ಹನ್ನೊಂದು ಮಾತು ರೆಕಾರ್ಡ್ ಮಾಡಿಟ್ಟಿದ್ದೆ. ಪ್ರಶಸ್ತಿಗೆ ಕಳಿಸೋ ಕೊನೇ ದಿನ ಅಂತ ಆ ಅವಸರದಲ್ಲಿ ಸೇರಿಸೋದೇ ಮರೆತೆ, ಅದಕ್ಕೇ ಅಕ್ಷರವೂ ಬರ್ತಿಲ್ಲ. ಅದು ತಪ್ಪು ನರ್ಸಮ್ಮ, ನನ್ನ ತಪ್ಪು!"

ನರ್ಸಮ್ಮ ಬ್ಯಾಗು ಹೆಗಲಿಗೇರಿಸಿ ಎದ್ದಳು. ಬಾಗಿಲ ಬಳಿ ನಿಂತು, ಏನೋ ಹೊಳೆದವಳಂತೆ ತಿರುಗಿದಳು.

"ಆಫೀಸು ಮುಚ್ಚಿಹೋದ್ರೆ ಇನ್ಯಾರೂ ಅದನ್ನ ತಿದ್ದೋಕೆ ಬರಲ್ಲ ಅಲ್ವಾ ಸಾರ್?"

"ಬರಲ್ಲ."

"ಸದ್ಯ!" ಎಂದು ನಿಟ್ಟುಸಿರು ಬಿಟ್ಟು ಅವಳು ಮೆಟ್ಟಿಲಿಳಿದಳು. ವರ್ಷದ ಅತ್ಯುತ್ತಮ ಸದ್ದುಗಾರ ಏನೋ ಹೇಳಲು ಬಾಯಿ ತೆರೆದ. ಸದ್ದು ಬರಲಿಲ್ಲ.